ಗಾಳಿ ಅಳೆಯುವ ತಂತಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಗ್ಯಾರೇಜಕ್ಕ ಅಂದರೆ ಸಾಕು, ಎಲ್ಲರೂ ತಗಡಿನ ಸೂರಿನ ಕಡೆ ಕೈ ತೋರಿಸುತ್ತಾರೆ. ಐವತ್ತು ದಾಟಿದ ಹೆಂಗಸು. ತೋಳು ಮಡಿಚಿದ ಗಂಡಸರ ಅಂಗಿ, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಜಗ್ಗದ ಗ್ರೀಸು, ಇಂಜಿನ್ನಿಗಿಂತ ಜೋರಾದ ಬಾಯಿ. "ನಿಮ್ಮ ಕಾರು ನೆಟ್ಟಗಿದೆ, ಓಡಿಸೋ ಕಾಲು ನೆಟ್ಟಗಿಲ್ಲ" ಎಂದು ಗಿರಾಕಿಯ ಮುಖಕ್ಕೇ ಹೇಳುತ್ತಾಳೆ. ಗಿರಾಕಿ ಗೊಣಗುತ್ತಾ ಹೋಗುತ್ತಾನೆ, ಮುಂದಿನ ಸಲವೂ ಅಲ್ಲಿಗೇ ಬರುತ್ತಾನೆ.

ಒಂದು ಕಾಲಕ್ಕೆ ಅಲ್ಲಿ ಇಬ್ಬರಿದ್ದರು. ಇನ್ನೊಬ್ಬಳು ತಂಗಿ, ಎಲ್ಲರ ಬಾಯಲ್ಲೂ ಪುಟ್ಟಿ. ಲಾರಿ ರಿಪೇರಿ ಮಾಡುತ್ತಿದ್ದ ಅಪ್ಪ ಇಬ್ಬರನ್ನೂ ಚಿಕ್ಕಂದಿನಲ್ಲೇ ಇಂಜಿನ್ನಿನ ಕೆಳಗೆ ಮಲಗಿಸಿ ಕೆಲಸ ಕಲಿಸಿದ್ದ. ಅವನು ತೀರಿಕೊಂಡ ಮೇಲೆ ಗ್ಯಾರೇಜು ಅಕ್ಕತಂಗಿಯರದ್ದಾಯಿತು. ಗ್ಯಾರೇಜಿನವರ ಸಂಘ ಮಾತ್ರ, ಹೆಂಗಸರಿಗೆ ಸದಸ್ಯತ್ವ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದಿತು. ಇಬ್ಬರೂ ವಾದ ಮಾಡಲಿಲ್ಲ. ಸಂಘದ ಕಚೇರಿಯ ಮೆಟ್ಟಿಲ ಮೇಲೆ ಒಂದು ಗೇರ್‌ಬಾಕ್ಸನ್ನು ಬಿಚ್ಚಿ ಹರಡಿಕೊಂಡು ಕೂತುಬಿಟ್ಟರು. ಅಧ್ಯಕ್ಷರು ಒಳಗೆ ಹೋಗಬೇಕಾದರೆ ಹಲ್ಲುಚಕ್ರಗಳನ್ನು ದಾಟಿಕೊಂಡೇ ಹೋಗಬೇಕು. ಅವರ ಬಿಳಿ ಪ್ಯಾಂಟಿಗೆ ಕರಿ ಎಣ್ಣೆ ಮೆತ್ತಿದ ವಾರವೇ ಸದಸ್ಯತ್ವ ಸಿಕ್ಕಿತು. ಮನಸ್ಸು ಕರಗಿ ಕೊಟ್ಟದ್ದಲ್ಲ, ಪ್ಯಾಂಟು ಉಳಿಸಿಕೊಳ್ಳಲು ಕೊಟ್ಟದ್ದು.

ಆಮೇಲೆ ಪುಟ್ಟಿ ಬಂದರಿನ ಊರಿನ ಕ್ರೇನ್ ಡ್ರೈವರನ್ನು ಮದುವೆಯಾಗಿ ಹೊರಟುಹೋದಳು. ಜಗಳವಿಲ್ಲ, ಮುನಿಸಿಲ್ಲ. ಹೋದಳು, ಅಷ್ಟೆ. ಅಲ್ಲಿ ಒಂದು ಡೀಸೆಲ್ ಕಾರು ಇಟ್ಟುಕೊಂಡು ಬಾಡಿಗೆ ಓಡಿಸುತ್ತಾಳೆ. ಮೊದಮೊದಲು ದಿನಾ ಫೋನು ಬರುತ್ತಿತ್ತು. ಆಮೇಲೆ ಯಾವಾಗಲೋ ಒಮ್ಮೆ. ಈಗ ಕಾರು ಕೆಟ್ಟರೆ ಮಾತ್ರ. ಲೋಕದ ಕಾರುಗಳೆಲ್ಲ ಕೆಟ್ಟು ತನ್ನ ಬಾಗಿಲಿಗೆ ಬರುತ್ತವೆ, ಪುಟ್ಟಿಯ ಕಾರೊಂದಕ್ಕೆ ಕೆಡಲು ಏನು ರೋಗ ಎಂದು ಅಕ್ಕ ಒಳಗೊಳಗೇ ಶಪಿಸಿಕೊಳ್ಳುತ್ತಿದ್ದಳು. ಮೆಕ್ಯಾನಿಕ್ಕಾದವಳು ಬಯಸುವ ಮಾತೇ ಅಲ್ಲ ಅದು. ಆದರೂ ಬಯಸುತ್ತಿದ್ದಳು.

ಒಂದು ಬೆಳಗ್ಗೆ ಫೋನು ಬಂತು.

"ಅಕ್ಕಾ, ಕಾರು ಸೇತುವೆ ಏರು ಹತ್ತಲ್ಲ ಕಣೇ. ಎಷ್ಟು ಒತ್ತಿದ್ರೂ ಏದುಸಿರು ಬಿಡುತ್ತೆ. ಹಿಂದೆ ಬರೋರು ಹಾರ್ನ್ ಹೊಡೆದು ಅಪ್ಪನ ತನಕ ಬೈತಾರೆ. ಇಂಜಿನ್ ದೀಪ ಬೇರೆ ಹತ್ತಿದೆ. ಇಲ್ಲಿಯ ಮೆಕ್ಯಾನಿಕ್ಕು, ಗಾಳಿ ನೂಕೋ ಟರ್ಬೋ ಹೋಗಿದೆ ಅಂತಾನೆ."

"ಅವನ ತಲೆ ಹೋಗಿದೆ. ಟರ್ಬೋ ಶಿಳ್ಳೆ ಕೇಳುತ್ತಾ?"

"ಮೊದಲಿನ ಹಾಗೇ ಕೇಳುತ್ತೆ."

"ಗಾಳಿ ಪೈಪು ಹರಿದಿದೆಯಾ?"

"ಉದ್ದಕ್ಕೂ ಕೈಯಾಡಿಸಿದೆ, ಎಲ್ಲೂ ಇಲ್ಲ. ಡೀಸೆಲ್ ಫಿಲ್ಟರೂ ಹೊಸದು. ನಾನೇನು ಕೆಲಸ ಮರೆತು ಕೂತಿಲ್ಲಮ್ಮ."

"ಬಾಯಂತೂ ಮರೆತಿಲ್ಲ. ಕೇಳು. ಗಾಳಿ ಫಿಲ್ಟರ್ ಡಬ್ಬಿ ಆಚೆ, ಪೈಪಿನ ಮೇಲೆ ಹೆಬ್ಬೆರಳಷ್ಟು ಒಂದು ಸೆನ್ಸರ್ ಇದೆ. ಇಂಜಿನ್ ಆಫ್ ಮಾಡಿ ಅದರ ಪ್ಲಗ್ ಕಿತ್ತುಹಾಕು. ಹಾಗೇ ಸೇತುವೆ ಹತ್ತಿಸಿ ನೋಡು."

ಅಕ್ಕ ಬೇರೆ ಕಾರಿನ ನಟ್ಟೊಂದನ್ನು ಬಿಗಿ ಮಾಡಿದಳು, ಸಡಿಲಿಸಿದಳು, ಮತ್ತೆ ಬಿಗಿ ಮಾಡಿದಳು. ಫೋನು ಬಂತು.

"ಅಕ್ಕಾ! ಕುದುರೆ ಕಣೇ, ಕುದುರೆ! ಇದೇನಿದು, ಭಾಗ ಕಿತ್ತುಹಾಕಿದ್ರೆ ಚೆನ್ನಾಗಿ ಓಡುತ್ತೆ?"

"ಅದರೊಳಗೆ ಕೂದಲಿನಂಥ ತಂತಿ ಇದೆ, ಸದಾ ಬಿಸಿ ಇರುತ್ತೆ. ಗಾಳಿ ಹಾದುಹೋದಷ್ಟೂ ತಣಿಯುತ್ತೆ. ಎಷ್ಟು ತಣೀತು ಅನ್ನೋದರ ಮೇಲೆ ಎಷ್ಟು ಗಾಳಿ ಬಂತು ಅಂತ ಕಂಪ್ಯೂಟರಿಗೆ ಲೆಕ್ಕ. ತಂತಿಗೆ ಕೊಳೆ ಹತ್ತಿದ್ರೆ ಗಾಳಿ ಬಂದರೂ ಬರಲಿಲ್ಲ ಅನ್ನುತ್ತೆ. ಕಂಪ್ಯೂಟರಪ್ಪ ಅದನ್ನ ನಂಬಿ ಡೀಸೆಲ್ ಕಮ್ಮಿ ಬಿಡ್ತಾನೆ. ಪ್ಲಗ್ ಕಿತ್ತರೆ ಸುಳ್ಳು ಹೇಳೋರಿಲ್ಲ, ಅವನು ತನ್ನ ಅಂದಾಜಲ್ಲಿ ನಡೆಸ್ತಾನೆ."

"ಹಾಗಾದ್ರೆ ಅದನ್ನ ತೊಳೆದ್ರೆ ಮುಗೀತು?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ತಂತಿ ತೊಳೆಯುವ ಸ್ಪ್ರೇ ಡಬ್ಬಿಯ ಹೆಸರು ಹೇಳಿದ್ದರೆ ಸಾಕು, ಬಂದರಿನ ಊರಿನಲ್ಲೂ ಅಂಗಡಿಗಳಿವೆ. ಅಕ್ಕ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು.

"ನಿನ್ನ ಕೈಯಲ್ಲಾಗಲ್ಲ. ಯಂತ್ರ ಹಾಕಿ ನಾನೇ ನೋಡ್ಬೇಕು. ತಗೊಂಡು ಬಾ."

ಬಾಡಿಗೆ ಇಲ್ಲದ ದಿನ ನೋಡಿಕೊಂಡು ಪುಟ್ಟಿ ಬಂದಳು. ಬಂದವಳೇ ಬ್ಯಾಗು ಒಗೆದು, "ಇನ್ನೂ ಇದೇ ಮುರುಕು ಸ್ಟೂಲಾ? ಸಂಘದ ಸದಸ್ಯೆ ಅಂತೆ, ಸದಸ್ಯೆ!" ಎಂದು ಅದರ ಮೇಲೇ ಕೂತಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅಕ್ಕ ಅದನ್ನು ನೋಡಿದಳು.

ಅಕ್ಕ ಪ್ಲಗ್ ಮತ್ತೆ ಸಿಕ್ಕಿಸಿ, ಕಾರಿನ ಕಂಪ್ಯೂಟರನ್ನು ಓದುವ ಯಂತ್ರ ಜೋಡಿಸಿದಳು. ಪುಟ್ಟಿ ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಕೂಗಿತು, ಪರದೆಯ ಮೇಲೆ ಗಾಳಿಯ ಅಂಕಿ ಮಾತ್ರ ಸೋಮಾರಿಯಂತೆ ಒಂದಿಷ್ಟು ಮೇಲೆದ್ದು ಅಲ್ಲೇ ಕೂತಿತು. ಅಕ್ಕ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದಳು. ಕಾಗದದ ಫಿಲ್ಟರಿನ ಮಡಿಕೆಗಳೆಲ್ಲ ಮಿರಮಿರ ಮಿಂಚುತ್ತಿದ್ದವು. ಬೆರಳಾಡಿಸಿ ಮೂಸಿದಳು.

"ಯಾವ ಪುಣ್ಯಾತ್ಮನೇ ಇದಕ್ಕೆ ಎಣ್ಣೆ ಸವರಿದ್ದು?"

"ನಾನೇ. ತಿಂಗಳು ತಿಂಗಳು ಸವರ್ತೀನಿ. ಅಪ್ಪ ಹೇಳಿಕೊಟ್ಟಿಲ್ವಾ, ಗಾಳಿ ಡಬ್ಬಿ ಒಣಗಿದ್ರೆ ಇಂಜಿನ್ ಧೂಳು ತಿನ್ನುತ್ತೆ ಅಂತ?"

ಅಕ್ಕ ಬಾನೆಟ್ಟಿಗೆ ಒರಗಿಕೊಂಡು ನಕ್ಕಳು. ಅಪ್ಪನ ಲಾರಿಗಳ ಗಾಳಿ ಡಬ್ಬಿಯ ತಳದಲ್ಲಿ ಎಣ್ಣೆಯೇ ಇರುತ್ತಿತ್ತು. ಧೂಳು ಅದರಲ್ಲಿ ಅಂಟಿ ಉಳಿಯುತ್ತಿತ್ತು. ಅದನ್ನು ತುಂಬಿಸುವುದು ಪುಟ್ಟಿಯ ಪಾಲಿನ ಕೆಲಸ. ಡಬ್ಬಿ ಹೋಯಿತು, ಲಾರಿ ಹೋಯಿತು, ಅಪ್ಪನೂ ಹೋದ. ಕೈಗೆ ಹತ್ತಿದ ಅಭ್ಯಾಸ ಮಾತ್ರ ಬಂದರಿನ ಊರಿನಲ್ಲಿ ಕೂತು ಕಾಗದಕ್ಕೆ ಎಣ್ಣೆ ಸವರುತ್ತಿತ್ತು. ಆ ಎಣ್ಣೆ ಗಾಳಿಯೊಂದಿಗೆ ಹೋಗಿ ತಂತಿಗೆ ಮೆತ್ತಿಕೊಂಡಿತ್ತು.

"ನಗಬೇಡ ಕಣೇ ಗೂಬೆ."

"ನಾನೂ ಸವರಿದ್ದೆ ಕಣೇ. ಮೊದಲ ಸಲ ಇಂಥ ಕಾರು ಬಂದಾಗ. ಎರಡು ಸೆನ್ಸರ್ ಹಾಳು ಮಾಡಿದ ಮೇಲೆ ಬುದ್ಧಿ ಬಂತು."

ಈಗ ಇಬ್ಬರೂ ನಕ್ಕರು. ಎದುರಿನ ಟೈರ್ ಅಂಗಡಿಯವನು ಏನಾಯಿತೆಂದು ಹೊರಗೆ ಬಂದು ನೋಡಿದ.

ಅಕ್ಕ ಸೆನ್ಸರ್ ಬಿಚ್ಚಿ ಸ್ಪ್ರೇ ಹೊಡೆದಳು. "ಬಟ್ಟೆ ಬೆರಳು ತಾಗಿಸಬಾರದು, ತಂತಿ ಕಿತ್ತುಹೋಗುತ್ತೆ. ತಾನಾಗಿ ಒಣಗಲಿ" ಎಂದು ಬೆಂಚಿನ ಮೇಲಿಟ್ಟಳು. ಚಹಾ ಬಂತು. ಕ್ರೇನಿನವನ ಬೆನ್ನುನೋವು, ಸಂಘದ ಹೊಸ ಅಧ್ಯಕ್ಷನ ಬೋಳುತಲೆ, ಎಲ್ಲ ಮಾತಿಗೆ ಬಂತು. ಚಹಾ ಮುಗಿಯಿತು. ಅಕ್ಕ ಸೆನ್ಸರನ್ನು ಬೆಳಕಿಗೆ ಹಿಡಿದು, "ಇನ್ನೂ ಸ್ವಲ್ಪ ಒಣಗಲಿ" ಎಂದಳು. ಇನ್ನೊಂದು ಚಹಾ ಬಂತು.

"ಅಕ್ಕಾ," ಪುಟ್ಟಿ ಲೋಟ ಕೆಳಗಿಟ್ಟಳು. "ಅದು ಆಗಲೇ ಒಣಗಿದೆ."

"ಹ್ಞೂಂ."

"ಇಷ್ಟು ಕೆಲಸ ಫೋನಲ್ಲೇ ಹೇಳಬಹುದಿತ್ತು."

"ಹೇಳಬಹುದಿತ್ತು."

ಪುಟ್ಟಿ ಗೋಡೆಯ ಕಡೆ ನೋಡಿದಳು. ಕೆಲಸಕ್ಕೆ ಹಾಕುತ್ತಿದ್ದ ಅವಳ ಹಳೇ ನೀಲಿ ಕೋಟು ಮೊಳೆಯಲ್ಲಿ ನೇತಾಡುತ್ತಿತ್ತು. ಎದ್ದು ಹೋಗಿ ಹಾಕಿಕೊಂಡಳು. ಗುಂಡಿ ಹೊಟ್ಟೆಯ ಹತ್ತಿರ ಸೇರಲಿಲ್ಲ. ಹಾಗೇ ಬಿಟ್ಟು, ಸೆನ್ಸರನ್ನು ತಾನೇ ಕೂರಿಸಿದಳು.

ಉಳಿದದ್ದು ಫಿಲ್ಟರು. ಅದನ್ನು ಹಾಗೇ ಬಿಟ್ಟರೆ ಸ್ವಲ್ಪ ಕಾಲದಲ್ಲೇ ತಂತಿಗೆ ಮತ್ತೆ ಎಣ್ಣೆ ಮೆತ್ತುತ್ತದೆ, ಕಾರು ಮತ್ತೆ ಇಲ್ಲಿಗೇ ಬರುತ್ತದೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ನಿಂತಳು. ಆಮೇಲೆ ಗುಜರಿ ಡ್ರಮ್ಮಿಗೆ ಎಸೆದು, ಡಬ್ಬಿಯ ಒಳಗಿನ ಎಣ್ಣೆಯನ್ನೆಲ್ಲ ಮೂಲೆ ಬಿಡದೆ ಒರೆಸಿ, ಹೊಸ ಒಣ ಫಿಲ್ಟರ್ ಹಾಕಿದಳು. ಯಂತ್ರದಿಂದಲೇ ಇಂಜಿನ್ ದೀಪ ಆರಿಸಿದಳು. ಈ ಸಲ ಪುಟ್ಟಿ ಒತ್ತಿದಂತೆ ಗಾಳಿಯ ಅಂಕಿ ಚಂಗನೆ ಮೇಲೇರಿತು.

"ಇನ್ನು ಎಣ್ಣೆ ಮುಟ್ಟಿದ್ರೆ ಕೈ ಮುರೀತೀನಿ."

"ಮುಟ್ಟದಿದ್ರೆ ಕೆಡೋದೇ ಇಲ್ವಾ?"

"ಸದ್ಯಕ್ಕೆ ಕೆಡಲ್ಲ."

ಪುಟ್ಟಿ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಕತ್ತಲಾಗುವ ಮೊದಲು ಊರು ಸೇರಬೇಕಿತ್ತು.

ಕಾರು ಬೀದಿಯ ಕೊನೆಯ ಏರನ್ನು ಒಂದೇ ಉಸಿರಿಗೆ ಹತ್ತಿತು. ಹೊಗೆಯಿಲ್ಲ, ತಡವರಿಕೆಯಿಲ್ಲ. ಅಕ್ಕ ಬಾಗಿಲಲ್ಲಿ ನಿಂತು, ತಿರುವಿನಾಚೆ ಸದ್ದು ಅಡಗುವ ತನಕ ಕಿವಿಗೊಟ್ಟಳು. ಎಷ್ಟು ಹುಡುಕಿದರೂ ಅದರಲ್ಲಿ ಒಂದೇ ಒಂದು ದೋಷ ಕೇಳಿಸಲಿಲ್ಲ.