ಸೋಮವಾರದ ಎಣ್ಣೆ

ಅಣ್ಣ ತೀರಿಕೊಂಡ ಐದನೆಯ ತಿಂಗಳಿಗೆ ನಾನು ಅವನ ಮೋಟಾರು ಕಾರಿನ ಎಣ್ಣೆ ಬದಲಿಸಲು ಕೂತೆ. ಅಂಥ ಕೆಲಸ ಹಿಂದೆಂದೂ ಮಾಡಿದವಳಲ್ಲ. ಗೋಕಾಕಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಷರ, ಮಗ್ಗಿ ಕಲಿಸುತ್ತಿದ್ದೆ. ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನನ್ನನ್ನು ಮತ್ತೆ ಓದಿಸಿ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂರಿಸಿದವನು ಅಣ್ಣ. ಅವನ ಮೋಟಾರಿನ ಕೆಲಸವನ್ನು ನಾನೇ ಮಾಡಬೇಕು, ಅತ್ತಿಗೆ ಮಾಡಬಾರದು ಎಂಬ ಹಟ ನನಗೆ.

ಅಣ್ಣನದು ಹತ್ತಿಯ ವ್ಯಾಪಾರ. ಮೂಡಲಗಿ, ತುಕ್ಕಾನಟ್ಟಿ, ಮೇಲವಂಕಿ ಎಂದು ವಾರವೆಲ್ಲ ತಿರುಗುತ್ತಿದ್ದ. ಹುಕ್ಕೇರಿಯ ವಕೀಲರೊಬ್ಬರು ಬಳಸಿ ಬಿಟ್ಟಿದ್ದ ಕರಿ ಮೋಟಾರನ್ನು ಅವನು ಮನೆಗೆ ತಂದಾಗ, ಅವ್ವ ಅದರ ಮೂತಿಗೆ ವಿಭೂತಿಯ ಮೂರು ಗೆರೆ ಎಳೆದಳು. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದೂ ದುಡಿಯುವ ಬಸವಣ್ಣನೇ, ಸೋಮವಾರ ಇದನ್ನೂ ಹೂಡಬಾರದು ಎಂದು ಅವ್ವ ಅಪ್ಪಣೆ ಕೊಟ್ಟಳು. ಅಣ್ಣ ನಕ್ಕ, ಆದರೆ ಎದುರು ಮಾತಾಡಲಿಲ್ಲ. ಹಾಗಾಗಿ ಮೋಟಾರಿನ ಎಣ್ಣೆ, ನೀರು ನೋಡುವ ಕೆಲಸವೆಲ್ಲ ಸೋಮವಾರಕ್ಕೆ ಬಿತ್ತು.

ಮೊದಲ ವರ್ಷ ಹಳೆ ಎಣ್ಣೆ ಬೀಳುವಲ್ಲಿ ಪರಾತ ಹಿಡಿಯುತ್ತಿದ್ದವಳು ನಾನು. ಹಿಟ್ಟು ನಾದಿ ನಾದಿ ಅಂಚು ಸವೆದಿದ್ದ ಪರಾತ ಅದು. ಅಣ್ಣ ಮೋಟಾರಿನ ಕೆಳಗೆ ಅಂಗಾತ ಮಲಗಿ, "ಎಡಕ್ಕ ಸರಸು, ಇನ್ನೂ ಸ್ವಲ್ಪ" ಎನ್ನುವುದು, ನಾನು ಸರಿಸುವುದು. ಮರು ವರ್ಷ ಹತ್ತರಗಿಯಿಂದ ಅತ್ತಿಗೆ ಬಂದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಬಂದ ಮೂರನೆಯ ತಿಂಗಳಿಗೆ ಪರಾತ ಅವಳ ಕೈಯಲ್ಲಿತ್ತು. ಯಾರೂ ನನ್ನಿಂದ ಕಸಿದುಕೊಳ್ಳಲಿಲ್ಲ. ಒಂದು ಸೋಮವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಅಲ್ಲಿ ಕೂತಿದ್ದಳು, ಅಷ್ಟೇ. ಆಮೇಲೆ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಾತು ಕೇಳುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಆ ಹೊತ್ತಿನಲ್ಲಿ ನಾನು ತಟ್ಟಿದ ರೊಟ್ಟಿಗಳೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ತೆಳು.

ಶ್ರಾವಣದಲ್ಲಿ ಅಣ್ಣನಿಗೆ ಜ್ವರ ಬಂತು. ಇಪ್ಪತ್ತೊಂದು ದಿನ ಬಿಡಲಿಲ್ಲ. ಅವನ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಬದಲಿಸುವುದರಲ್ಲೂ ನಾವಿಬ್ಬರೂ ಪಾಳಿ ಮಾಡಿಕೊಂಡಿದ್ದೆವು. ಅವನು ಹೋದಾಗ ಅವಳ ಪಾಳಿ. ಇದನ್ನು ನಾನು ಇಷ್ಟು ದಿನ ಯಾರಿಗೂ ಹೇಳಿಲ್ಲ: ಅದಕ್ಕೂ ನನಗೆ ಹೊಟ್ಟೆಕಿಚ್ಚಾಗಿತ್ತು.

ಪುಷ್ಯ ಮಾಸದಲ್ಲಿ ಹತ್ತರಗಿಯಿಂದ ಅವಳ ಅಣ್ಣ ಬಂದರು. ತಂಗಿಯನ್ನು ಕರೆದೊಯ್ಯುತ್ತೇವೆ, ಮೋಟಾರನ್ನೂ ಅವಳ ಜೊತೆಗೆ ಕಳಿಸಿದರೆ ಉಪಯೋಗವಾದೀತು ಎಂದರು. ಅವ್ವ, "ಯಾರಿಗೆ ಸಂಭಾಳಸಾಕ ಬರತೈತೋ ಅವರ ಕಡೆ ಇರಲಿ. ಸುಮ್ನ ನಿಂತು ತುಕ್ಕ ಹಿಡಿಯೂದು ಬ್ಯಾಡ" ಎಂದಳು. ಪೇಟೆಯ ಒಬ್ಬ ಡ್ರೈವರನನ್ನು ಕರೆಸಿ ತೋರಿಸಿದೆವು. ಎಣ್ಣೆ ಡಾಂಬರಿನಂತಾಗಿದೆ, ಅದನ್ನು ತೆಗೆಯದೆ ಎಲ್ಲಿಗೂ ಒಯ್ಯಬಾರದು, ಮಂಗಳವಾರ ಮತ್ತೆ ಬಂದು ನೋಡುತ್ತೇನೆ ಎಂದು ಅವನು ಹೋದ. ನಾನು ತೆಗೆಯುತ್ತೇನೆ ಎಂದು ನಾನೇ ಬಾಯಿ ಹಾಕಿದೆ. ನನಗೆ ಮೋಟಾರು ನಡೆಸಲು ಬರುತ್ತಿರಲಿಲ್ಲ. ಅದು ನಮ್ಮ ಅಂಗಳದಲ್ಲಿ ನಿಂತಿರಬೇಕು, ಹತ್ತರಗಿಯ ಅಂಗಳದಲ್ಲಿ ಅಲ್ಲ, ಬೇಕಾಗಿದ್ದದ್ದು ಇಷ್ಟೇ.

ಭಾನುವಾರ ಮೋಟಾರಿನ ಮೂತಿಯ ಕೆಳಗಿನ ಕೊಳಾಯಿ ತಿರುವಿ ಅದರೊಳಗಿನ ಹಳೆ ನೀರು ಬಿಟ್ಟೆ. ತುಕ್ಕಿನ ಕೆಂಪು ನೀರು ಹರಿದುಹೋಯಿತು. ಹೊಳೆಯ ನೀರನ್ನು ಸೋಸಿ ತುಂಬಿದೆ. ಅಷ್ಟಕ್ಕೇ ಎದೆಯುಬ್ಬಿತು. ಮರುದಿನ ಸೋಮವಾರ ಅವ್ವ ಮಠಕ್ಕೆ ಹೋದ ಮೇಲೆ ಸೆರಗು ಸಿಕ್ಕಿಸಿ ಮೋಟಾರಿನ ಕೆಳಗೆ ತೂರಿದೆ. ಅತ್ತಿಗೆ ಬಾಗಿಲ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಬಾ ಎಂದು ನಾನು ಕರೆಯಲಿಲ್ಲ. ಬರಲೇ ಎಂದು ಅವಳೂ ಕೇಳಲಿಲ್ಲ.

ಎಣ್ಣೆ ಇಳಿಯುವ ತೂತಿಗೆ ಬಿಗಿದಿದ್ದ, ಬಿರಟೆಯಂಥ ದೊಡ್ಡ ತಿರುಪು ಮೊಳೆಯನ್ನು ಬಿಚ್ಚಲು ಅರ್ಧ ತಾಸು ಹಿಡಿಯಿತು. ಎಣ್ಣೆ ಬಂತು, ಚಳಿಗೆ ಕಾಕಂಬಿಯಂತೆ ಗಟ್ಟಿಯಾಗಿದ್ದ ಕರಿ ಎಣ್ಣೆ. ಪರಾತದಲ್ಲಿ ಎರಡು ಬೆರಳು ನಿಂತಿತು. ಆಮೇಲೆ ಒಂದೊಂದೇ ಹನಿ, ಆಮೇಲೆ ಅದೂ ಇಲ್ಲ. ಮುಗಿಯಿತು ಎಂದುಕೊಂಡು ಮೊಳೆ ಬಿಗಿದೆ. ಮಹಾಯುದ್ಧದ ದಿನಗಳು, ಪೇಟೆಯಲ್ಲಿ ಇಂಥ ಎಣ್ಣೆ ಸಿಗುತ್ತಿರಲಿಲ್ಲ. ಅಣ್ಣ ಎಲ್ಲಿಂದಲೋ ಸಂಪಾದಿಸಿ ಇಟ್ಟಿದ್ದ ಹೊಸ ಎಣ್ಣೆಯ ಡಬ್ಬಿ ಒಂದೇ ಇತ್ತು. ಮೇಲಿನ ತೂತಿಗೆ ಲಾಳಿಕೆ ಇಟ್ಟು ಡಬ್ಬಿ ಎತ್ತಿದೆ. ಇನ್ನೇನು ಬಗ್ಗಿಸಬೇಕು, ಲಾಳಿಕೆಯ ಬಾಯಿಯ ಮೇಲೆ ಒಂದು ಅಂಗೈ ಬಂದು ಮುಚ್ಚಿತು.

"ಅಕ್ಕಾರ, ಹಾಕಬ್ಯಾಡ್ರಿ. ಹಳೀದು ಅರ್ಧಾ ಒಳಗ ಐತಿ. ಬಿಸಿ ಮಾಡಿದ್ರ ಇಳಿತೈತಿ."

"ಬಿಸಿ ಮಾಡೂದಂದ್ರ ಚಾಲೂ ಮಾಡಬೇಕು. ಇವತ್ತ ಸೋಮವಾರ. ನಮ್ಮ ಅಣ್ಣ ಎಂದಾರ ಸೋಮವಾರ ಚಾಲೂ ಮಾಡ್ಯಾನೇನು?"

'ನಮ್ಮ ಅಣ್ಣ' ಎಂಬುದನ್ನು ಬೇಕೆಂದೇ ಒತ್ತಿ ಹೇಳಿದೆ. ಅವಳು ಕೈ ತೆಗೆಯಲಿಲ್ಲ. ನೆಲ ನೋಡುತ್ತ ನಿಧಾನವಾಗಿ ಹೇಳಿದಳು. ಎಣ್ಣೆಯನ್ನು ತಣ್ಣಗೆ ತೆಗೆಯಬಾರದು ಎಂದು ಹುಕ್ಕೇರಿಯಲ್ಲಿ ಯಾರೋ ಅಣ್ಣನಿಗೆ ಹೇಳಿದ್ದರಂತೆ. ಅಂದಿನಿಂದ ಎಣ್ಣೆ ತೆಗೆಯುವ ಸೋಮವಾರಗಳಲ್ಲಿ, ನಸುಕಿನಲ್ಲಿ, ಅವರಿಬ್ಬರೂ ಮೋಟಾರನ್ನು ನೂಕಿಕೊಂಡು ಓಣಿ ದಾಟಿಸುತ್ತಿದ್ದರಂತೆ. ಅಲ್ಲಿ ಚಾಲೂ ಮಾಡಿ ಮೇಲವಂಕಿಯ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ, ಹೊರಳಿ ಬಂದು, ಓಣಿಯ ಏರಿನ ತುದಿಯಲ್ಲಿ ಬಂದ್ ಮಾಡಿ, ಸಪ್ಪಳವಿಲ್ಲದೆ ಅಂಗಳಕ್ಕೆ ಉರುಳಿಸಿಕೊಂಡು ಬರುತ್ತಿದ್ದರಂತೆ.

ನಾನು ಡಬ್ಬಿ ಕೆಳಗಿಟ್ಟೆ. ಪರಾತ ಹಿಡಿಯುವುದಷ್ಟೇ ಅವಳ ಪಾಲು ಎಂದು ಇಷ್ಟು ವರ್ಷ ಉರಿದಿದ್ದೆ. ಒಂದಿಡೀ ದಾರಿ, ಹೊಲಗಳ ಮೇಲಿನ ಮಂಜು, ಅಣ್ಣನ ಬಾಜೂ ಸೀಟು, ಎಲ್ಲ ಅವಳದಾಗಿತ್ತು. ನಾನು ಆಗ ಒಳಗೆ ಮಲಗಿರುತ್ತಿದ್ದೆ.

"ನನಗ್ಯಾಕ ಹೇಳಲಿಲ್ಲ ಅಂವಾ?"

"ನಾ ಕೇಳಿದ್ದೆ, ಅಕ್ಕಾರನ್ನೂ ಕರ್ಕೊಂಡು ಹೋಗೂಣಂತ. ಅಕಿಗಿ ಹೇಳಬ್ಯಾಡ, ಅವ್ವ ಕೇಳಿದ್ರ ಅಕಿಗಿ ಸುಳ್ಳ ಹೇಳಾಕ ಬರಾಂಗಿಲ್ಲ ಅಂದ್ರು."

ಅದು ಹೊಗಳಿಕೆಯೋ ಏನೋ. ನನಗೆ ಮಾತ್ರ ಬಾಗಿಲು ಮುಚ್ಚಿದಂತಾಯಿತು. ನನ್ನನ್ನು ಕರೆಯೋಣ ಎಂದವಳು ಇವಳು, ಬೇಡ ಎಂದವನು ಅವನು. ಇದನ್ನು ನಾನು ನುಂಗುವಷ್ಟರಲ್ಲಿ ಅವಳು ಅಣ್ಣನ ಹಳೆ ಧೋತರದ ತುಂಡೊಂದನ್ನು ತಂದು ಲಾಳಿಕೆಗೆ ಕಟ್ಟಿದ್ದಳು. ಪರಾತದ ಹಳೆ ಎಣ್ಣೆಯನ್ನೇ ಸೋಸಿ ತಿರುಗಿ ಒಳಗೆ ಹಾಕಿದೆವು, ಚಾಲೂ ಆಗಲು ಎಣ್ಣೆ ಬೇಕಲ್ಲ. ಒಳಗಿನ ಕಿಡಿಯ ಗುಂಡಿಯನ್ನು ಅವಳು ಹೇಳಿದಂತೆ ನಾನು ಒತ್ತಿದೆ. ಮುಂದೆ ಮೂತಿಗೆ ಸಿಕ್ಕಿಸಿದ ಕಬ್ಬಿಣದ ಹಿಡಿಕೆ ತಿರುವಿದವಳು ಅವಳು. ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ, ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಂಡಳು. ಹಾಗೆ ಹಿಡಿಯದಿದ್ದರೆ ಅದು ತಿರುಗಿ ಒದ್ದು ಕೈ ಮುರಿಯುತ್ತದಂತೆ. ಅವಳ ಹೆಬ್ಬೆರಳನ್ನು ಹಾಗೆ ಇಟ್ಟು ತೋರಿಸಿದ ಕೈ ಯಾರದು ಎಂದು ಕೇಳಬೇಕಾಗಿರಲಿಲ್ಲ.

ನಾಲ್ಕನೆಯ ಸಲಕ್ಕೆ ಮೋಟಾರು ಹೊತ್ತಿಕೊಂಡಿತು. ಐದು ತಿಂಗಳ ಮೇಲೆ ಆ ಸಪ್ಪಳ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಬಂದ್ ಮಾಡಿ ಮೊಳೆ ತೆಗೆದಾಗ, ಎಣ್ಣೆ ನೀರಿನಂತೆ ಸುರಿಯಿತು. ತಳದ ರಾಡಿಯೂ ಜೊತೆಗೆ ಬಂತು. ಪರಾತ ತುಂಬಿ ಬಕೆಟ್ ತರಬೇಕಾಯಿತು. ಹೊಸ ಎಣ್ಣೆಯನ್ನು ಅವಳೇ ಹಾಕಿದಳು.

ಮಂಗಳವಾರ ಡ್ರೈವರ ಬಂದು ನೋಡಿ, ಬೇರೇನೂ ಮಾಡಬೇಕಾಗಿಲ್ಲ ಎಂದು ಹೋದ. ಅವ್ವ ನನ್ನನ್ನು ಹತ್ತಿರ ಕರೆದಳು.

"ನಿನ್ನೆ ನಮ್ಮ ಅಂಗಳದಾಗ ಮೋಟಾರ ಸಪ್ಪಳಾ ಆತಂತ. ಬಾಜೂ ಮನಿಯಾಕಿ ಅಂದ್ಲು."

"ರಸ್ತೆದಾಗ ಯಾರದಾರ ಹೋಗಿರಬೇಕವ್ವಾ" ಎಂದೆ. ಅಣ್ಣ ಕೇಳಿದ್ದರೆ ನಂಬುತ್ತಿರಲಿಲ್ಲ.

"ಎಣ್ಣಿ ತಗದಾಕಿ ಯಾರು? ನೀನೋ, ಅಕಿನೋ?"

'ನಾನು' ಎಂದಿದ್ದರೆ ಮೋಟಾರು ನಮ್ಮ ಅಂಗಳದಲ್ಲೇ ಉಳಿಯುತ್ತಿತ್ತು, ಅತ್ತಿಗೆ ಎದುರಾಡುತ್ತಿರಲಿಲ್ಲ. ಅವಳು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಉಗುರಿನ ಸಂದಿಯ ಕಪ್ಪು ಇಬ್ಬರ ಕೈಯಲ್ಲೂ ಇತ್ತು. ಆದರೆ ನನ್ನ ಕೈಗೆ ಬಿಟ್ಟಿದ್ದರೆ ಆ ಒಂದು ಡಬ್ಬಿ ಹೊಸ ಎಣ್ಣೆ ರಾಡಿಯ ಪಾಲಾಗುತ್ತಿತ್ತು.

"ಅತ್ತಿಗಿ" ಎಂದೆ.

ಮೋಟಾರು ಗುರುವಾರ ಹತ್ತರಗಿಗೆ ಹೊರಟಿತು. ಸಾಮಾನು ಏರಿಸಿದ ಮೇಲೆ ಅತ್ತಿಗೆ ಹಿತ್ತಿಲಿಗೆ ಬಂದು, ಆ ಪರಾತ ಕೊಡುತ್ತೀರಾ, ಮುಂದಿನ ಸಲ ಎಣ್ಣೆ ತೆಗೆಯುವಾಗ ಬೇಕಾಗುತ್ತದೆ ಎಂದು ಕೇಳಿದಳು.

"ಅದು ತೂತ ಬಿದ್ದೈತಿ" ಎಂದೆ.

ಪರಾತ ನನ್ನ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು. ಎಲ್ಲೂ ತೂತಿರಲಿಲ್ಲ. ಅವಳು ಅದನ್ನೊಮ್ಮೆ ನೋಡಿ, "ಹೌದ್ರಿ, ಬಿದ್ದೈತಿ" ಎಂದು ಹೇಳಿ ಮೋಟಾರು ಹತ್ತಿದಳು.