ಚೊಂಬು ಹಿಡಿದು ಕಾರು ಹತ್ತುವ ತಿಮ್ಮಯ್ಯ

ಶಿವಬಸಪ್ಪನವರು ತಿಮ್ಮಯ್ಯನನ್ನು ಮೊದಲ ಸಲ ಕಂಡಾಗ ಅವನ ಕೈಯಲ್ಲಿ ನೀರು ತುಂಬಿದ ಹಿತ್ತಾಳೆ ಚೊಂಬಿತ್ತು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ, ಮಾರೇನಹಳ್ಳಿಯ ಅಂಚಿನಲ್ಲಿ, ಬೆಳಗ್ಗೆ ಏಳು ಗಂಟೆಗೆ, ಒಬ್ಬ ಗಂಡಸು ಚೊಂಬು ಹಿಡಿದು ಗಂಭೀರವಾಗಿ ನಡೆದು ಬರುತ್ತಿದ್ದಾನೆಂದರೆ ಎಲ್ಲಿಗೆ ಹೊರಟಿದ್ದಾನೆಂದು ಕೇಳುವುದು ಸಭ್ಯರ ಲಕ್ಷಣವಲ್ಲ. ಶಿವಬಸಪ್ಪನವರು ಪರಮ ಸಭ್ಯರು. ಕಾರಿನಲ್ಲಿ ಕೂತಲ್ಲೇ ಕತ್ತು ತಿರುಗಿಸಿ ಹೊಂಗೆ ಮರದ ಎಲೆಗಳನ್ನು ನೋಡತೊಡಗಿದರು. ಹೋಗಿ ಬರಲಿ, ಕಾಯೋಣ, ಎಂದುಕೊಂಡರು.

ತಿಮ್ಮಯ್ಯ ಎಲ್ಲಿಗೂ ಹೋಗಲಿಲ್ಲ. ನೇರವಾಗಿ ಬಂದು, ಕಾರಿನ ಬಾಗಿಲು ತೆಗೆದು, ಪಕ್ಕದ ಸೀಟಿನಲ್ಲಿ ಕೂತು, ಚೊಂಬನ್ನು ತೊಡೆಯ ಮೇಲಿಟ್ಟುಕೊಂಡ. "ನಡೀರಿ ಸಾರ್, ಸುಂಕದಕಟ್ಟೆವರ್ಗೂ ಹೋಗ್ಬರಾಣ."

"ಅಲ್ಲಪ್ಪಾ, ಇಲ್ಲೇ ಹಿಂದುಗಡೆ ಬೇಕಾದಷ್ಟು ಬಯಲಿದೆಯಲ್ಲ. ಅಷ್ಟು ದೂರ ಯಾಕೆ?"

ತಿಮ್ಮಯ್ಯನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಅಯ್ಯೋ, ಅದು ಆಗ್ಲೇ ಆಯ್ತು ಸಾರ್. ಇದು ನಿಮ್ ಗಾಡೀಗೆ."

ಆ ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಕಾಫಿ ತೋಟ ಮಾರಿ ಊರಿಗೆ ಹೊರಟ ಇಂಗ್ಲಿಷ್ ದೊರೆಯೊಬ್ಬ ಬಿಟ್ಟುಹೋದ, ಎರಡೇ ಸೀಟಿನ, ಮೇಲ್ಛಾವಣಿಯಿಲ್ಲದ ಕೆಂಪು ಸ್ಪೋರ್ಟ್ಸ್ ಕಾರು. ವಯಸ್ಸು ಇಪ್ಪತ್ತರ ಹತ್ತಿರ. ದಾವಣಗೆರೆಯಿಂದ ಬಂದು, ಸರ್ಕಾರಿ ಇಲಾಖೆಯೊಂದರಲ್ಲಿ ದೊಡ್ಡ ಕುರ್ಚಿ ಹಿಡಿದು, ವಿಜಯನಗರದಲ್ಲಿ ಮನೆ ಕಟ್ಟಿಸಿದ್ದ ಶಿವಬಸಪ್ಪನವರು ಅದನ್ನು ಓಡಿಸುವಾಗ ಚರ್ಮದ ಗ್ಲೌಸು ಹಾಕುತ್ತಿದ್ದರು. ಮೇ ತಿಂಗಳಲ್ಲೂ. ತರಕಾರಿಗೆ ಹೋದರೂ.

ಹೆಂಡತಿ ಬಸವರಾಜೇಶ್ವರಿ ಆ ಕಾರಿನಲ್ಲಿ ಕೂತದ್ದು ಒಂದೇ ಸಲ. ಮಾಗಡಿ ರಸ್ತೆಯ ಒಂದು ತಿರುವಿನಲ್ಲಿ ಕಾರು ಮಗ್ಗುಲು ಬದಲಾಯಿಸುವ ಎಮ್ಮೆಯಂತೆ ವಾಲಿ, ಆಕೆಯ ತೊಡೆಯ ಮೇಲಿದ್ದ ಶ್ಯಾವಿಗೆ ಪಾಯಸವಷ್ಟೂ ಹೊಸ ಇಳಕಲ್ ಸೀರೆಗೆ ಅಭಿಷೇಕವಾಯಿತು. ಆಕೆ ಅಲ್ಲೇ ಇಳಿದು, ಇಷ್ಟಲಿಂಗವನ್ನು ಮುಟ್ಟಿಕೊಂಡು, "ಓಡೋ ಈ ಗಾಡ್ಯಾಗ ಇನ್ನ ನಾ ಕೂರಂಗಿಲ್ಲ" ಎಂದು ಬಸ್ಸು ಹತ್ತಿದರು.

ಬರುವ ಶುಕ್ರವಾರ ಕೆಂಗೇರಿ ಉಪನಗರದಲ್ಲಿ ಷಡ್ಡಕ ಬಸವಲಿಂಗಪ್ಪನ ಗೃಹಪ್ರವೇಶ. "ಇರೋದೇ ಎರಡು ಸೀಟು, ಅದರಾಗೂ ಒಂದು ಖಾಲಿ!" ಎಂದು ಆ ಮನುಷ್ಯ ಊರೆಲ್ಲ ಹೇಳಿಕೊಂಡು ನಗುತ್ತಿದ್ದ. ಹೆಂಡತಿ ಪಕ್ಕದಲ್ಲಿ ಕೂತು ಕೆಂಗೇರಿಯಲ್ಲಿ ಇಳಿಯಬೇಕು: ಶಿವಬಸಪ್ಪನವರಿಗೆ ಬೇಕಾದದ್ದು ಅಷ್ಟೇ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕಿದ ಹಳೇ ಮೋಟಾರು ಪತ್ರಿಕೆಯೊಂದು ಅದಕ್ಕೆ ದಾರಿ ತೋರಿಸಿತ್ತು. ಹಿಂದಿನ ಚಕ್ರಗಳಿಗೆ 'ಸ್ವೇ ಬಾರ್' ಎಂಬ ಕಂಬಿ ಹಾಕಿದರೆ ತಿರುವಿನಲ್ಲಿ ಕಾರು ವಾಲುವುದಿಲ್ಲ. ದೊಡ್ಡ ಗ್ಯಾರೇಜುಗಳವರು ಅವರ ಉಪನ್ಯಾಸ ಕೇಳಿ, ಕಾಫಿ ಕೊಟ್ಟು ಕಳಿಸಿದ್ದರು. ಕೊನೆಗೆ ಯಾರೋ, "ಲಾರಿ ಸ್ಪ್ರಿಂಗಿನ ಪಟ್ಟಾ ಬಡಿಯೋ ತಿಮ್ಮಯ್ಯನ್ನ ಕೇಳಿ" ಅಂದರು.

ಸುಂಕದಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಚೊಂಬಿನಲ್ಲಿ ಅರ್ಧ ನೀರು ಉಳಿದಿತ್ತು. ಮಿಕ್ಕರ್ಧ ತಿಮ್ಮಯ್ಯನ ಖಾಕಿ ಚಡ್ಡಿಯಲ್ಲಿತ್ತು. ಕಾರು ಯಾವ ಕಡೆಗೆ ಎಷ್ಟು ವಾಲುತ್ತದೆಂದು ತಿಳಿಯಲು, ಯಾವ ತೊಡೆ ಎಷ್ಟು ಒದ್ದೆಯಾಗಿದೆಯೆಂದು ಅವನು ಬಟ್ಟೆ ಅಂಗಡಿಯವನಂತೆ ಮುಟ್ಟಿ ಮುಟ್ಟಿ ನೋಡಿಕೊಂಡ.

ಈ ಚೊಂಬಿನ ವಿದ್ಯೆಯನ್ನು ಅವನು ಕಲಿತದ್ದು ಯಾವ ಕಾರ್ಖಾನೆಯಲ್ಲೂ ಅಲ್ಲ. ಅವನ ತಾಯಿ ಮುನಿತಾಯಮ್ಮ ಎತ್ತಿನ ಗಾಡಿಯಲ್ಲಿ ಪೇಟೆಗೆ ಹಾಲು ಹಾಕುತ್ತಿದ್ದಳು. ಹಿಂದೆ ಕೂತು ಹಾಲಿನ ಬಿಂದಿಗೆ ತಬ್ಬಿಕೊಳ್ಳುವುದು ಮಗನ ಕೆಲಸ. ಹಾಲು ತುಳುಕಿದರೆ ತಲೆಗೆ ಮೊಟಕು. ಗಾಡಿ ಯಾಕೆ ಕುಲುಕುತ್ತದೆ ಎಂದು ಅವನು ಯೋಚಿಸಲು ತೊಡಗಿದ್ದೇ ಆ ಮೊಟಕುಗಳಿಂದ. ಆಮೇಲೆ ಹೊಲ ಬಡಾವಣೆಯಾಯಿತು, ಎತ್ತು ಹೋದವು, ಲಾರಿಗಳು ಬಂದವು, ಚೊಂಬು ಉಳಿಯಿತು. ಯಾವ ಗಾಡಿ ಬಂದರೂ ಮೊದಲು ಚೊಂಬು, ಆಮೇಲೆ ಸ್ಪ್ಯಾನರು. ಶಿವಬಸಪ್ಪನವರ ಮನೆ ವಿಳಾಸ ಕೇಳಿ ಅವನು, "ಓ, ನಿಮ್ ಬಚ್ಚಲುಮನೆ ಐತಲ್ಲ, ಅಲ್ಲಿ ನಮ್ ಅವರೆಕಾಯಿ ಭಾಳ ಚೆನ್ನಾಗ್ ಬರೋದು" ಎಂದ. ಅವನ ದನಿಯಲ್ಲಿ ಬೇಸರವಿರಲಿಲ್ಲ, ಬಚ್ಚಲಿನ ಬಗ್ಗೆ ಗೌರವವಿತ್ತು.

ಶಿವಬಸಪ್ಪನವರು ಪತ್ರಿಕೆಯ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ವಿವರಿಸಿದರು. ತಿಮ್ಮಯ್ಯ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದ. ಕಾರಿನ ಅಡಿಯಲ್ಲಿ ಮಲಗಿ ನೋಡುವವನಿಗೆ ಹಾಗೆಯೇ ಕಾಣುವುದು.

"ಒಂದ್ ಕಡೆ ಚಕ್ರ ಮೇಲಕ್ಕೆ ಹೋದ್ರೆ ಕಂಬಿ ತಿರುಚ್ಕೊಂಡು ಇನ್ನೊಂದ್ ಕಡೇನೂ ಜೊತೇಗೆ ಎಳ್ಕೊಳ್ತದೆ. ಒಬ್ಬನ್ನೇ ಕುಣಿಯಾಕ್ ಬಿಡಲ್ಲ. ಅಷ್ಟೇ ತಾನೆ ಸಾರ್?"

ಮೂರು ಪುಟದ ಲೇಖನದಲ್ಲಿ ಇದ್ದದ್ದೂ ಅಷ್ಟೇ.

"ಹೆಬ್ಬೆರಳು ದಪ್ಪದ ಕಂಬಿ ಸಾಕು."

"ಹೆಬ್ಬೆರಳೇ?" ಸಾಹೇಬರಿಗೆ ಅವಮಾನವಾಯಿತು. "ಇದು ಸ್ಪೋರ್ಟ್ಸ್ ಕಾರು ಕಣಯ್ಯಾ. ಎರಡರಷ್ಟು ದಪ್ಪ ಹಾಕು."

"ಬ್ಯಾಡಿ ಸಾರ್, ಬಾಲ ಒದೀತದೆ."

"ಹಾಕು ಅಂದೆ!"

ತಿಮ್ಮಯ್ಯ ಹಾಕಿದ. ಕೆಲವರಿಗೆ ಬಾಯಿಯಲ್ಲಿ ಹೇಳುವುದಕ್ಕಿಂತ ರಸ್ತೆಯಲ್ಲಿ ಹೇಳುವುದು ಸುಲಭವೆಂದು ಅವನಿಗೆ ಗೊತ್ತಿತ್ತು. ಹೆಗ್ಗನಹಳ್ಳಿಯ ತಿರುವಿನಲ್ಲಿ ಕಾರು ಎಳ್ಳಷ್ಟೂ ವಾಲಲಿಲ್ಲ. ಅದರ ಬದಲು ಹಿಂದಿನ ಚಕ್ರಗಳು ಮುಂದಿನವನ್ನು ಹಿಂದೆ ಹಾಕಲು ಹೊರಟವು. ಧೂಳು ಅಡಗಿದಾಗ ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತ್ತು, ಚೊಂಬು ತಿಮ್ಮಯ್ಯನ ಕೈಯಲ್ಲೇ ಇತ್ತು, ನೀರು ಮಾತ್ರ ಸಾಹೇಬರ ಪ್ಯಾಂಟಿನಲ್ಲಿತ್ತು.

"ಮನೆ ಕಡೇಗೇ ತಿರುಗೈತೆ. ಹೋಗಾಣ" ಎಂದ ತಿಮ್ಮಯ್ಯ.

ಮನೆಯಲ್ಲಿ ಬಸವರಾಜೇಶ್ವರಿ ಗಂಡನ ಪ್ಯಾಂಟು ನೋಡಿದರು. "ಏನ್ರಿ ಇದು?"

"ನೀರು."

"ಹೌದ್ ಬಿಡ್ರಿ, ನೀರು."

ಗುರುವಾರ ತಿಮ್ಮಯ್ಯ ಹೆಬ್ಬೆರಳು ದಪ್ಪದ ಉಕ್ಕಿನ ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎರಡೂ ತುದಿ ಬಾಗಿಸಿ, ಹೊಂಗೆ ಎಣ್ಣೆಯಲ್ಲಿ ಅದ್ದಿ ಹದ ಮಾಡಿದ. ನಡುವನ್ನು ಕಾರಿನ ಅಡಿಗೂ ತುದಿಗಳನ್ನು ಹಿಂದಿನ ಅಚ್ಚಿಗೂ ಕೂರಿಸಿ, ಸಂದುಗಳಿಗೆ ಲಾರಿ ಟೈರಿನ ರಬ್ಬರು ಕೊಯ್ದು ತುರುಕಿದ. ಬೋಲ್ಟುಗಳನ್ನು ಮಾತ್ರ ಬಿಗಿಮಾಡದೆ ಎದ್ದು ಬಂದ.

"ಅಮ್ಮೋರನ್ನ ಕರ್ಕೊಂಬನ್ನಿ."

"ಯಾಕೆ?"

"ಗಾಡೀಲಿ ಜನ ಕೂತಾಗ್ಲೇ ಬೋಲ್ಟ್ ಬಿಗೀಬೇಕು. ಖಾಲಿ ಗಾಡೀಲಿ ಬಿಗಿದ್ರೆ ಆಮ್ಯಾಕೆ ರಬ್ಬರು ಮುರುಟ್ಕೊಂತದೆ."

"ಅವಳು ಬರಲ್ಲ. ಓಡೋ ಈ ಗಾಡಿಯಲ್ಲಿ ಕೂರಲ್ಲ ಅಂತ ಆಣೆ ಇಟ್ಟಿದ್ದಾಳೆ. ಒಂದು ರಾಗಿ ಮೂಟೆ ಇಟ್ಟರಾಗದೆ?"

"ಮೂಟೆಗೆ ಭಯ ಇರಲ್ಲ ಸಾರ್. ಅಮ್ಮೋರು ಭಯಕ್ಕೆ ಯಾವ್ ಕಡೆ ಒರಗ್ತಾರೋ ಅದು ನಂಗೆ ಬೇಕು."

ಸಾಹೇಬರು ಕರೆದರೆ ಆಗುವ ಕೆಲಸವಲ್ಲವೆಂದು ತಿಮ್ಮಯ್ಯ ತಾನೇ ಮನೆಗೆ ಹೋದ. ಬಾಗಿಲಲ್ಲಿ ನಿಂತು, "ಅಮ್ಮಾ, ತಾವು ಆಣೆ ಇಟ್ಟಿದ್ದು ಓಡೋ ಗಾಡಿಗೆ ತಾನೆ? ಇದು ನಿಂತಿರೋ ಗಾಡಿ" ಎಂದ. ಬಸವರಾಜೇಶ್ವರಿ ಆಣೆಯನ್ನು ಮನಸ್ಸಿನಲ್ಲೇ ಒಮ್ಮೆ ಮಗುಚಿ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು. ಕಾರಿನಲ್ಲಿ ಕೂತು, ಬಾಗಿಲಿನ ಕಡೆಗೆ ಪೂರ್ತಿ ಒರಗಿ, ಒಂದು ಕಾಲನ್ನು ಇಳಿಯಲು ಸಿದ್ಧವಾಗಿ ಇಟ್ಟುಕೊಂಡರು. ಗಂಡ ಪಕ್ಕದಲ್ಲಿ ಗ್ಲೌಸು ಹಾಕಿ ಕೂತರು. ಅಡಿಯಲ್ಲಿ ತಿಮ್ಮಯ್ಯನ ಸ್ಪ್ಯಾನರು ಕಿರ್ ಕಿರ್ ಎಂದಿತು.

"ಆಯ್ತಮ್ಮ. ಇಳೀಬೋದು."

ಆಕೆ ಇಳಿಯಲಿಲ್ಲ. ತನ್ನ ಭಯದ ಅಳತೆ ತೆಗೆದು ಯಾರೋ ಅದನ್ನು ಕಬ್ಬಿಣಕ್ಕೆ ಹೇಳಿದ್ದು ಅದೇ ಮೊದಲು. "ಆ ಚೊಂಬು ಇಲ್ಲಿ ಕೊಡು" ಎಂದರು. "ಹನಿ ಚೆಲ್ಲಿದ್ರೂ ನಾಳೆ ಬಸ್ಸೇ ಗತಿ, ತಿಳೀತೇನ್ರಿ?" ಕಡೆಯ ಮಾತು ಗಂಡನಿಗೆ.

ತಿಮ್ಮಯ್ಯ ಕಂಠದವರೆಗೆ ನೀರು ತುಂಬಿ ಕೊಟ್ಟ. ಕಾರು ಹೋದ ಮೇಲೆ ಹೊಂಗೆ ಮರದ ಕೆಳಗೆ ಕೂತು ಬೀಡಿ ಹಚ್ಚಿದ. ಅದು ಆರಿಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

ಅರ್ಧ ಗಂಟೆಗೆ ಕಾರು ವಾಪಸು ಬಂತು. ಬಸವರಾಜೇಶ್ವರಿ ನೆಟ್ಟಗೆ ಕೂತಿದ್ದರು. ಸೀರೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಚೊಂಬನ್ನು ತಿಮ್ಮಯ್ಯನ ಕೈಗಿತ್ತು, "ನಾಳೆ ಪಾಯಸ ನಾನೇ ಹಿಡ್ಕೊಂಡು ಕೂರ್ತೀನಿ. ಆಣಿ ಇಟ್ಟಿದ್ದು ಆ ಗಾಡಿಗೆ, ಇದು ಬ್ಯಾರೆ ಗಾಡಿ" ಎಂದರು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಶಿವಬಸಪ್ಪನವರು ಶಿವಬಸಪ್ಪನವರಾಗುತ್ತಿರಲಿಲ್ಲ. ಗ್ಲೌಸನ್ನು ಒಂದೊಂದೇ ಬೆರಳಾಗಿ ಬಿಚ್ಚುತ್ತಾ, ಹೆಂಡತಿಗೂ ಕೇಳುವಂತೆ, "ಸತ್ಯ ಹೇಳು ತಿಮ್ಮಯ್ಯ, ನೀರು ಚೆಲ್ಲದೆ ಇದ್ದದ್ದು ನಿನ್ನ ಕಂಬಿಯಿಂದಲೋ, ನನ್ನ ಡ್ರೈವಿಂಗ್‌ನಿಂದಲೋ?" ಎಂದು ಕೇಳಿದರು.

ತಿಮ್ಮಯ್ಯ ಚೊಂಬಿನ ನೀರನ್ನು ಗಟಗಟ ಕುಡಿದು, ಸ್ಪ್ಯಾನರು ಎತ್ತಿಕೊಂಡ.

"ಕಂಬಿ ಬಿಚ್ತೀನಿ ಸಾರ್. ಅಮ್ಮೋರನ್ನ ಕೂರಿಸ್ಕೊಂಡು ಇನ್ನೊಂದ್ ರೌಂಡ್ ಹೋಗ್ಬನ್ನಿ."