ಕಲೆ ಹಿಡಿಯದ ಬಟ್ಟೆ

೧೯೫೪ರ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ರಾಜಾಜಿನಗರದ ನನ್ನ ತವರುಮನೆಯ ಜಗುಲಿಯಲ್ಲಿ, ನನ್ನ ಎರಡು ತಿಂಗಳ ಮಗುವಿನ ಕಣ್ಣಿನ ಬಿಳಿಭಾಗ ಹಳದಿಯಾಗಿರುವುದನ್ನು ಕಂಡೆ.

ಅದುವರೆಗೆ ನಾವು ಬೇರೆಯದಕ್ಕೆ ಹೆದರುತ್ತಿದ್ದೆವು.

ನಂಜುಂಡ ನನ್ನ ಮೊದಲ ಮಗು. ಮೊದಲ ವಾರಗಳಲ್ಲಿ ಹಾಲು ಕುಡಿದಾಗಲೆಲ್ಲ ಮಲ ಹೋಗುತ್ತಿತ್ತು. ತೆಳ್ಳಗೆ, ಸಾಸಿವೆ ಅರೆದು ನೀರಿಗೆ ಕಲಸಿದಂಥ ಹಳದಿ. ಒಂದು ದಿನ ಹಸಿರಾಗಿ ಹೋಯಿತು. ನನ್ನ ಅಮ್ಮ ಅದರ ಕಾರಣವನ್ನು ನನ್ನ ತಟ್ಟೆಯಲ್ಲಿ ಹುಡುಕಿದಳು.

"ಏನೇ ತಿಂದೆ ಕದ್ದು?"

"ನೀನು ಹಾಕಿದ ಅನ್ನ, ಮೆಣಸಿನ ಸಾರು. ಈ ಕತ್ತಲೆ ಕೋಣೇಲಿ ಕದಿಯೋಕೆ ಇನ್ನೇನಿದೆಯಮ್ಮ?"

"ಬಾಯಿಗೆ ಒಂದು ಪಥ್ಯ ಇಲ್ಲ ನೋಡು ನಿಂಗೆ."

ಮರುದಿನದಿಂದ ಸಾರು ಇನ್ನೂ ತೆಳ್ಳಗಾಯಿತು. ಬಾಣಂತಿಗೆ ಕೊಡುತ್ತಿದ್ದ ಗುಟುಕು ನೀರೂ ಕಡಿಮೆಯಾಯಿತು. ನಮ್ಮ ಯಜಮಾನರು ಕೆಂಗೇರಿಯಲ್ಲಿ ಮೇಷ್ಟರು, ಭಾನುವಾರ ಬರುತ್ತಿದ್ದರು. ನಾನು ಹೊಸ್ತಿಲು ದಾಟುವಂತಿರಲಿಲ್ಲವಾದ್ದರಿಂದ ಅವರೇ ಡಾಕ್ಟರನ್ನು ಕೇಳಿಕೊಂಡು ಬಂದರು. ತಾಯಿಯ ಹಾಲು ಕುಡಿಯುವ ಮಗು ದಿನಕ್ಕೆ ಹಲವು ಸಲ ಹೋಗಬಹುದು, ಸ್ವಲ್ಪ ದೊಡ್ಡದಾದ ಮೇಲೆ ನಾಲ್ಕು ದಿನ ಹೋಗದೆಯೂ ಇರಬಹುದು. ಚೆನ್ನಾಗಿ ಹಾಲು ಕುಡಿದು ಮೈ ತುಂಬುತ್ತಿದ್ದರೆ ಚಿಂತೆಯಿಲ್ಲ. ಹಳದಿ, ಹಸಿರು ಎರಡೂ ಸಹಜ. ರಕ್ತ ಕಂಡರೆ, ಬರೀ ನೀರಾಗಿ ಹೋಗಿ ಮಗು ಬಾಡಿದರೆ ತಕ್ಷಣ ಕರೆತನ್ನಿ, ಎಂದರಂತೆ. ಬಿಳಿ ಮಲದ ಮಾತು ಬರಲಿಲ್ಲ. ಇವರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯದ ಬಣ್ಣ ಅದು.

ಗಾಳಿ ತಾಗಬಾರದೆಂದು ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿತ್ತು. ಬೆಳಿಗ್ಗೆ ಅಮ್ಮ ಮಗುವಿಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟಿಗೆ ಅರಿಶಿನ ಸೇರಿಸಿ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಮಗು ಹಳದಿಯಾಗಿ ನನ್ನ ಮಡಿಲಿಗೆ ಬರುತ್ತಿತ್ತು. ನನ್ನ ಮೈಯೂ ಹಳದಿಯೇ ಇತ್ತು. ಎಣ್ಣೆನೀರಿನ ಮನೆಯಲ್ಲಿ ಹಳದಿ ಎಂದರೆ ಆರೈಕೆ.

ಒದ್ದೆ ಬಟ್ಟೆ ಒಗೆಯುವುದೂ ಅಮ್ಮನೇ. ಅಪ್ಪನ ಹಳೆಯ ಪಂಚೆ ಹರಿದು ಮಾಡಿದ ತುಂಡುಗಳು. ಬೀದಿಯ ನಲ್ಲಿಯ ಪಕ್ಕದ ಕಲ್ಲಿಗೆ ಎಷ್ಟು ಉಜ್ಜಿದರೂ ಮೊದಮೊದಲು ಮಲದ ಕಲೆ ಬಿಡುತ್ತಿರಲಿಲ್ಲ. ಏಪ್ರಿಲ್ ನಡುವಿನಿಂದ ಕಲೆ ಹಿಡಿಯುವುದೇ ನಿಂತಿತು. ಅವಳು ಒಣಗಿದ ಬಟ್ಟೆಗಳನ್ನು ತಂದು ನನ್ನ ಮುಂದೆ ಮಡಿಸಿದಳು.

"ನೋಡೇ, ಮಲ್ಲಿಗೆ ಹೂವಿನ ಹಂಗಿದೆ. ಹೊಟ್ಟೆ ಶುದ್ಧವಾಯ್ತು ಮಗೀಗೆ. ಪಥ್ಯ ಅಂದ್ರೆ ಮೂಗು ಮುರೀತಿದ್ದೆ."

ಮೂತ್ರ ಮಾತ್ರ ಗಾಢವಾಗಿ ಹೋಗುತ್ತಿತ್ತು. ಅದರ ಗುರುತು ನೀರಿನಲ್ಲಿ ಜಾಲಿಸಿದರೆ ಹೋಗುತ್ತದೆ, ಬೇಸಿಗೆಯ ಉಷ್ಣ, ಎಂದಳು. ನಾನು ಒಪ್ಪಿದೆ. ಮಗು ಹಾಲು ಕುಡಿಯುತ್ತಿತ್ತು. ನಗುವುದನ್ನು ಕಲಿಯುತ್ತಿತ್ತು.

ಆ ಸೋಮವಾರಕ್ಕೆ ಕೆಲವು ದಿನ ಮುಂಚೆ ಅಮ್ಮ ಜ್ವರ ಬಂದು ಮಲಗಿದಳು. ಎಣ್ಣೆನೀರು ನಿಂತಿತು. ಮಗುವಿನ ಮೈಯನ್ನು ನಾನೇ ಬಿಸಿನೀರಿನ ಬಟ್ಟೆಯಿಂದ ಒರೆಸಿದೆ. ನನ್ನ ಕೈಯ ಹಳದಿ ಇಳಿಯಿತು. ಅವನದು ಇಳಿಯಲಿಲ್ಲ. ಎತ್ತಿಕೊಂಡು ಜಗುಲಿಗೆ ಬಂದೆ. ಹುಟ್ಟಿದ ಮೇಲೆ ಅವನು ನೋಡಿದ ಮೊದಲ ಬಿಸಿಲು ಅದೇ ಇರಬೇಕು. ಕಣ್ಣು ಕಿರಿದು ಮಾಡಿ, ಮೆಲ್ಲಗೆ ತೆರೆದ.

ಅರಿಶಿನ ಕಣ್ಣೊಳಗೆ ಹೋಗುವುದಿಲ್ಲ.

ಯಜಮಾನರಿಗೆ ಹೇಳಿಕಳಿಸಿ, ಜಟಕಾದಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು. ಅಮ್ಮ ಜ್ವರದಲ್ಲೇ ಬಂದಳು. ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಮಗು ಕಕ್ಕ ಮಾಡಿದ ಬಟ್ಟೆ ಏನಾದ್ರೂ ತಂದಿದೀರಾ?" ಎಂದರು. ಅಮ್ಮ ಚೀಲದಿಂದ ಮಡಿಸಿದ ಬಟ್ಟೆ ತೆಗೆದುಕೊಟ್ಟಳು.

"ಒಗೆದದ್ದಲ್ಲಮ್ಮ."

"ಒಗೀದೆ ಇರೋದನ್ನ ನಿಮ್ಮ ಮೇಜಿನ ಮೇಲೆ ಹೆಂಗೆ ಇಡೋದು ಸ್ವಾಮಿ?"

ವರಾಂಡದಲ್ಲಿ ಕಾದೆವು. ಮಧ್ಯಾಹ್ನ ಮಗು ಮಲ ಮಾಡಿತು. ಸುಣ್ಣ ಬೆರೆಸಿದ ಜೇಡಿಮಣ್ಣಿನ ಬಣ್ಣ. ಡಾಕ್ಟರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಈ ಬಣ್ಣ ಯಾವಾಗಿಂದ?"

ನಾನು ಅಮ್ಮನ ಕಡೆ ನೋಡಿದೆ.

"ಬಟ್ಟೆ ಬೆಳ್ಳಗಾದಾಗಿಂದ," ಎಂದಳು ಅಮ್ಮ.

ಸಂಜೆ ಯಜಮಾನರು ಬಂದ ಮೇಲೆ ಡಾಕ್ಟರು ವಿವರಿಸಿದರು. ಮಲಕ್ಕೆ ಬಣ್ಣ ಕೊಡುವುದು ಲಿವರಿನಿಂದ ಇಳಿಯುವ ಪಿತ್ತರಸ. ಇವನಲ್ಲಿ ಅದು ಇಳಿಯುವ ದಾರಿ ಮುಚ್ಚಿದೆ. ಅದಕ್ಕೇ ಮಲ ಬಿಳಿ, ಮೂತ್ರ ಗಾಢ, ಜಾಂಡೀಸ್. ತಾಯಿಯ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಆಪರೇಷನ್ ಮಾಡಿ ನೋಡಬಹುದು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಜೂನ್‌ನಲ್ಲಿ ಆಪರೇಷನ್ ಆಯಿತು. ಹೊಟ್ಟೆ ತೆರೆದರು. ಜೋಡಿಸಲು ನಾಳವೇ ಇರಲಿಲ್ಲ.

ಮತ್ತೆ ಹೊಲಿದರು.

"ಇನ್ನೂ ಬೇಗ ಬಂದಿದ್ರೆ ಸಾರ್?" ಎಂದರು ಯಜಮಾನರು.

"ಬೇಗ ಬಂದಿದ್ರೆ ಬೇಗ ಗೊತ್ತಾಗ್ತಿತ್ತು. ಅಷ್ಟೇ ಮೇಷ್ಟ್ರೇ. ಹಾಲು ಮಾತ್ರ ನಿಲ್ಲಿಸಬೇಡಿ."

ನಿಲ್ಲಿಸಲಿಲ್ಲ. ಅಮ್ಮ ಪಥ್ಯ ಬಿಡಿಸಿದಳು, ಕಂಬಳಿ ಬಿಚ್ಚಿದಳು. ಮಗುವಿಗೆ ಮೈಯೆಲ್ಲ ತುರಿಕೆ. ಕೆರೆದುಕೊಳ್ಳದಿರಲೆಂದು ಅದೇ ಪಂಚೆಯ ತುಂಡಿನಿಂದ ಕೈಗೆ ಚೀಲ ಹೊಲಿದೆವು. ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾಯಿತು. ಆದರೂ ಅವನು ಬೋರಲು ಬಿದ್ದ, ಅಜ್ಜಿಯ ದನಿಗೆ ತಿರುಗುತ್ತಿದ್ದ. ಆ ತಿಂಗಳುಗಳನ್ನು ಕಾಯಿಲೆಯ ತಿಂಗಳುಗಳೆಂದಷ್ಟೇ ಕರೆಯಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ. ಅವನಿದ್ದ ತಿಂಗಳುಗಳೂ ಅವೇ. ಅಮ್ಮ ದಿನವೂ ಬಟ್ಟೆಯನ್ನು ನೀರಿಗೆ ಅದ್ದುವ ಮೊದಲು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಣ್ಣ ತಿರುಗಲಿಲ್ಲ.

೧೯೫೫ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ನಂಜುಂಡ ತೀರಿಕೊಂಡ.

ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಹಲವು ಸಲ ಹೇಳಿದ್ದೇನೆ. ಕೇಳಿಸಿಕೊಳ್ಳುತ್ತಾಳೆ. ನಂಬಿದಳೋ ಇಲ್ಲವೋ ನನಗೆ ತಿಳಿಯದು.

ಕಳೆದ ವಾರ ತವರಿಗೆ ಹೋಗಿದ್ದೆ. ನಲ್ಲಿಯ ಹತ್ತಿರ ಎದುರುಮನೆಯ ಪುಟ್ಟಮ್ಮ ತನ್ನ ಮೂರು ತಿಂಗಳ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ಅಮ್ಮ ಕೊಡ ಇಳಿಸಿ ನಿಂತಳು.

"ಕಲೆ ಹೋಗುತ್ತೇನೇ?"

"ಎಲ್ಲಿ ಹೋಗುತ್ತೆ ಅಜ್ಜಿ. ಕುದಿಸ್ದೆ, ಬಿಸಿಲಿಗೆ ಹಾಕ್ದೆ. ಹಳದಿ ಹಳದೀನೇ. ಕೈ ಬಿದ್ದೋಯ್ತು."

"ಉಜ್ಜಬೇಡ ಬಿಡು," ಎಂದಳು ಅಮ್ಮ. "ಹಂಗೇ ಇರ್ಲಿ."

ಪುಟ್ಟಮ್ಮ ಬಟ್ಟೆಗಳನ್ನು ಹಿಂಡಿ, ಕಲೆ ಇದ್ದ ಹಾಗೇ ತಂತಿಗೆ ಹಾಕಿದಳು.